ತೌಕ್ತೆಯ ಕೇಂದ್ರ ಎಲ್ಲಿತ್ತು?

2021ರ ಮೇ 16ರ ಬೆಳಗಿನ 5.30. ತೌಕ್ತೆ ಚಂಡಮಾರುತದ ಕೇಂದ್ರ ಉತ್ತರ ಅಕ್ಷಾಂಶ 15.0, ಪೂರ್ವ ರೇಖಾಂಶ 72.7ರಲ್ಲಿ, ಪಣಜಿಯಿಂದ ಸುಮಾರು 130 ಕಿ.ಮೀ. ದೂರದ ಸಮುದ್ರದಲ್ಲಿತ್ತು ಎನ್ನುತ್ತದೆ ಹವಾಮಾನ ಇಲಾಖೆಯ ಪ್ರಕಟಣೆ. ನಕ್ಷೆಯ ಮೇಲೆ ಅಳೆದರೆ ಖಾನಾಪುರ ಸೀಮೆಯ ನಮ್ಮ ಊರು ಬೀಡಿಯಿಂದ ಇನ್ನೂರು ಕಿ.ಮೀ.ಗೆ ತುಸು ಹೆಚ್ಚು. ಈ ಚುಕ್ಕೆಯನ್ನು ಎಷ್ಟು ನಂಬಬಹುದು ಎಂದು ನೋಡಲು ಹಳೆಯ ಪ್ರಕಟಣೆಗಳನ್ನು ಹಿಂದುಮುಂದಾಗಿ ಓದತೊಡಗಿದೆ.

14ರ ಬೆಳಿಗ್ಗೆ 8.30ಕ್ಕೆ ಅದಿನ್ನೂ ಲಕ್ಷದ್ವೀಪದ ಬಳಿಯ ವಾಯುಭಾರ ಕುಸಿತ, 10.5, 72.3. ಅಲ್ಲಿಂದ 45 ಗಂಟೆಗಳಲ್ಲಿ ಉತ್ತರಕ್ಕೆ ನಾಲ್ಕೂವರೆ ಡಿಗ್ರಿ, ಅಂದರೆ ಸುಮಾರು 500 ಕಿ.ಮೀ. ಗಂಟೆಗೆ 11 ಕಿ.ಮೀ. ವೇಗ. ಲೆಕ್ಕ ಕೂಡಿಬರುತ್ತದೆ. ಆದರೆ ದಶಾಂಶದ ಒಂದೇ ಅಂಕಿ ಬದಲಾದರೂ ಅಕ್ಷಾಂಶದಲ್ಲಿ 11 ಕಿ.ಮೀ. ಸರಿಯುತ್ತದೆ, ಹೆಚ್ಚುಕಡಿಮೆ ಖಾನಾಪುರದಿಂದ ನಂದಗಡಕ್ಕೆ ಹೋದಷ್ಟು.

ಎಳೆಯ ಚಂಡಮಾರುತಕ್ಕೆ ಕಣ್ಣು ಮೂಡಿರುವುದಿಲ್ಲ. ಉಪಗ್ರಹದ ಅವಗೆಂಪು ಚಿತ್ರದಲ್ಲಿ ಕಾಣುವುದು ಮೇಲಿನ ತಣ್ಣನೆಯ ಮೋಡದ ಹೊದಿಕೆ. ಮೇಲ್ಮಟ್ಟದ ಗಾಳಿ ಅದನ್ನು ಪಕ್ಕಕ್ಕೆ ತಳ್ಳಿದ್ದರೆ, ನಿಜವಾದ ಸುಳಿ ಅದರ ಅಂಚಿನಲ್ಲೋ ಹೊರಗೋ ಇರುತ್ತದೆ. ರಾತ್ರಿ ಅಂದಾಜಿಸಿದ ಕೇಂದ್ರ ಬೆಳಗಿನ ಬಿಸಿಲಿನ ಚಿತ್ರದಲ್ಲಿ ಬೇರೆಡೆ ಕಾಣುವುದು ಇದಕ್ಕೇ. ಸುರುಳಿಮೋಡದ ಬಾಗು ನೋಡಿ ಕೇಂದ್ರವನ್ನೂ ಬಲವನ್ನೂ ಅಂದಾಜಿಸುವ ವಿಧಾನವನ್ನು ಅಮೆರಿಕದ ವರ್ನನ್ ಡ್ವೊರಾಕ್ 1970ರ ದಶಕದಲ್ಲಿ ರೂಪಿಸಿದರು. ಇಂದಿಗೂ ಅದೇ ಆಧಾರ. ಹೀಗಾಗಿ 16ರ ಚುಕ್ಕೆಯನ್ನು 14ರದಕ್ಕಿಂತ ಹೆಚ್ಚು ನಂಬುತ್ತೇನೆ. ಅಷ್ಟರಲ್ಲಿ ಅದು ಬಲಿತಿತ್ತು, ಗೋವಾದ ಡಾಪ್ಲರ್ ರಾಡಾರಿಗೂ ಹತ್ತಿರವಿತ್ತು.

ಕೇಂದ್ರ ಹುಡುಕಲು ಉಪಗ್ರಹ, ರಾಡಾರಿಗಿಂತ ಹಳೆಯ ಉಪಾಯವೊಂದಿದೆ. ಕಲ್ಕತ್ತೆಯ ಹೆನ್ರಿ ಪಿಡಿಂಗ್ಟನ್ 1848ರಲ್ಲಿ ನಾವಿಕರಿಗೆಂದು ಬರೆದ ಕೈಪಿಡಿಯ ಜೊತೆ, ಗಾಳಿಯ ದಿಕ್ಕು ಗುರುತಿಸಿದ ಪಾರದರ್ಶಕ ಕೊಂಬಿನ ಹಾಳೆಗಳಿದ್ದವು. ನಕ್ಷೆಯ ಮೇಲಿಟ್ಟು ಹಡಗಿನ ಗಾಳಿಗೆ ಹೊಂದಿಸಿದರೆ ಕೇಂದ್ರ ಯಾವ ಕಡೆಗಿದೆ ಎಂದು ತಿಳಿಯುತ್ತಿತ್ತು. ನಾನು ಟ್ರೇಸಿಂಗ್ ಹಾಳೆಯಲ್ಲಿ ಅಪ್ರದಕ್ಷಿಣೆಯ ಬಾಣಗಳನ್ನು ಬರೆದು ಬೀಡಿಯ ಪಡುವಣದಲ್ಲಿ ಕೆಳಗಿನಿಂದ ಮೇಲಕ್ಕೆ ಜರುಗಿಸಿದೆ. ಕೇಂದ್ರ ನೈಋತ್ಯದಲ್ಲಿದ್ದಾಗ ಊರಿಗೆ ಆಗ್ನೇಯದ ಗಾಳಿ, ನೇರ ಪಶ್ಚಿಮಕ್ಕೆ ಬಂದಾಗ ತೆಂಕಣ ಗಾಳಿ, ವಾಯವ್ಯಕ್ಕೆ ದಾಟಿದಾಗ ನೈಋತ್ಯದ ಗಾಳಿ. ಘಟ್ಟ ಗಾಳಿಯನ್ನು ತಿರುಚುತ್ತದೆ, ನಿಜ. ಆದರೂ ದಿಕ್ಕು ಬದಲಾದ ಗಂಟೆ ಗೊತ್ತಿದ್ದರೆ ಪ್ರಕಟಣೆಯ ಚುಕ್ಕೆಯನ್ನು ಇಲ್ಲಿಂದಲೇ ಒರೆಗೆ ಹಚ್ಚಬಹುದು. ಮಳೆಮಾಪಕದಿಂದ ಇದು ಸಿಗದು. ಅದು ಹೇಳುವುದು ಬಿದ್ದ ನೀರಿನ ಲೆಕ್ಕ ಮಾತ್ರ.

ತೌಕ್ತೆ ಮೇ 17ರ ರಾತ್ರಿ ಗುಜರಾತಿನಲ್ಲಿ, ದಿಯುವಿನ ಪೂರ್ವಕ್ಕೆ ದಡ ಸೇರಿತು. ಖಾನಾಪುರ ಸೀಮೆಯಲ್ಲಿ ಯಾರಾದರೂ ಆ ದಿನಗಳ ಗಾಳಿಯ ದಿಕ್ಕನ್ನು ಡೈರಿಯಲ್ಲೋ ಕ್ಯಾಲೆಂಡರಿನ ಮೂಲೆಯಲ್ಲೋ ಬರೆದಿಟ್ಟಿದ್ದರೆ ದಯವಿಟ್ಟು ಎಸೆಯಬೇಡಿ. ಮುಂದಿನ ಸಲ ದಿಕ್ಕಿನ ಪಕ್ಕ ಗಂಟೆಯನ್ನೂ ಬರೆಯಿರಿ.