ಶಾಲೆಯಲ್ಲಿ ಪ್ರಾರ್ಥನೆ: ಅಮೆರಿಕದ ಇತಿಹಾಸ ಕಲಿಸುವ ಪಾಠ



ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1960ರ ದಶಕದಲ್ಲಿ ಸರಕಾರಿ ಶಾಲೆಗಳಿಂದ ದೇವರನ್ನೇ ಹೊರಗೆ ಹಾಕಿತೆಂಬ ಮಾತನ್ನು ತಾವು ಕೇಳಿರಬಹುದು. ಆ ದೇಶದಲ್ಲಿ ಇಂದಿಗೂ ಹಾಗೆ ನಂಬುವವರು ಅನೇಕರಿದ್ದಾರೆ. ಆದರೆ ನಡೆದುದನ್ನು ಅನುಕ್ರಮವಾಗಿ ಅವಲೋಕಿಸಿದರೆ ಬೇರೊಂದು ಚಿತ್ರ ಕಣ್ಣೆದುರು ನಿಲ್ಲುತ್ತದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿಯ ಸಾರ್ವಜನಿಕ ಶಾಲೆಗಳ ಮೇಲೆ ಪ್ರಾಟೆಸ್ಟಂಟರ ಪ್ರಭಾವ ಬಲವಾಗಿತ್ತು. ಅವರ ಬೈಬಲ್ ಅನುವಾದವನ್ನೇ ಮಕ್ಕಳೆಲ್ಲರೂ ಓದಬೇಕಾಗಿತ್ತು. 1842ರಲ್ಲಿ ಫಿಲಡೆಲ್ಫಿಯ ನಗರದ ಕ್ಯಾಥೊಲಿಕ್ ಬಿಷಪ್ ಫ್ರಾನ್ಸಿಸ್ ಕೆನ್ರಿಕ್ ಅವರು, ತಮ್ಮ ಮತದ ಮಕ್ಕಳಿಗೆ ತಮ್ಮ ಅನುವಾದವನ್ನು ಓದಲು ಅವಕಾಶ ಕೊಡಬೇಕೆಂದು ಶಾಲಾ ಮಂಡಲಿಯನ್ನು ವಿನಂತಿಸಿಕೊಂಡರು. ಬೈಬಲನ್ನೇ ಶಾಲೆಯಿಂದ ತೆಗೆಸುವ ಯತ್ನವಿದೆಂಬ ವದಂತಿ ಹಬ್ಬಿತು. 1844ರ ಮೇ ಮತ್ತು ಜುಲೈ ತಿಂಗಳುಗಳಲ್ಲಿ ಭೀಕರ ದಂಗೆಗಳಾದವು. ಎರಡು ಇಗರ್ಜಿಗಳು ಸುಟ್ಟುಹೋದವು. ಇಪ್ಪತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಹೊಡೆದವರೂ ಹೊಡೆಸಿಕೊಂಡವರೂ ಕ್ರಿಸ್ತನ ಭಕ್ತರೇ ಆಗಿದ್ದರೆಂಬುದನ್ನು ವಾಚಕರು ಗಮನಿಸಬೇಕು. ಅಧಿಕಾರದ ಬಲ ಬೆರೆತಾಗ ಒಂದೇ ಧರ್ಮಗ್ರಂಥದ ಎರಡು ಅನುವಾದಗಳು ಕೂಡ ಕಲಹಕ್ಕೆ ಕಾರಣವಾಗಬಲ್ಲವು.

ಶತಮಾನದ ತರುವಾಯ 'ಯೆಹೋವನ ಸಾಕ್ಷಿಗಳು' ಎಂಬ ಅಲ್ಪಸಂಖ್ಯಾತ ಕ್ರೈಸ್ತ ಪಂಥದ ಮಕ್ಕಳು ಶಾಲೆಯಲ್ಲಿ ಧ್ವಜವಂದನೆ ಮಾಡಲು ನಿರಾಕರಿಸಿದರು. ದೇವರಿಗೆ ಮಾತ್ರ ವಂದನೆ ಸಲ್ಲತಕ್ಕದ್ದೆಂಬುದು ಅವರ ಶ್ರದ್ಧೆ. 1940ರಲ್ಲಿ ನ್ಯಾಯಾಲಯವು ಎಂಟಕ್ಕೆ ಒಂದು ಮತದಿಂದ ಅವರ ವಿರುದ್ಧ ತೀರ್ಪಿತ್ತಿತು. ಆ ಬಳಿಕ ಅನೇಕ ಊರುಗಳಲ್ಲಿ ಆ ಪಂಥದವರ ಮೇಲೆ ಹಲ್ಲೆಗಳಾದವು. 1943ರ ಜೂನ್ 14ರಂದು ಅದೇ ನ್ಯಾಯಾಲಯ ಪಶ್ಚಿಮ ವರ್ಜೀನಿಯದ ಪ್ರಕರಣದಲ್ಲಿ ತನ್ನ ನಿಲುವನ್ನೇ ಬದಲಿಸಿತು. ನಂಬಿಕೆಯ ವಿಷಯದಲ್ಲಿ ಇದೇ ಸರಿಯೆಂದು ವಿಧಿಸುವ ಹಕ್ಕು ಯಾವ ಅಧಿಕಾರಿಗೂ ಇಲ್ಲವೆಂಬುದು ನ್ಯಾಯಮೂರ್ತಿ ರಾಬರ್ಟ್ ಜಾಕ್ಸನ್ ಅವರು ಬರೆದ ತೀರ್ಪಿನ ತಿರುಳು.

ಈ ಹಿನ್ನೆಲೆಯಲ್ಲಿ 1962ರ ತೀರ್ಪನ್ನು ನೋಡಬೇಕು. ನ್ಯೂಯಾರ್ಕ್ ರಾಜ್ಯದ ಶಿಕ್ಷಣಾಧಿಕಾರಿಗಳು ಇಂಗ್ಲಿಷಿನಲ್ಲಿ 22 ಪದಗಳ ಪ್ರಾರ್ಥನೆಯೊಂದನ್ನು ರಚಿಸಿದ್ದರು. ಅದರಲ್ಲಿ ಯಾವ ಪಂಥದ ಹೆಸರೂ ಇರಲಿಲ್ಲ. ಒಲ್ಲದ ಮಗು ಸುಮ್ಮನಿರಬಹುದಾಗಿತ್ತು. ಆದರೂ ಪ್ರಾರ್ಥನೆಯನ್ನು ರಚಿಸಿಕೊಡುವುದು ಸರಕಾರದ ಕೆಲಸವಲ್ಲವೆಂದು ನ್ಯಾಯಾಲಯ ನಿರ್ಣಯಿಸಿತು. ಮರುವರ್ಷ, ಪೆನ್ಸಿಲ್ವೇನಿಯದ ಶಾಲೆಗಳಲ್ಲಿ ಪ್ರತಿದಿನವೂ ಬೈಬಲಿನ ಹತ್ತು ವಾಕ್ಯಗಳನ್ನಾದರೂ ಓದಬೇಕೆಂಬ ಕಾಯಿದೆ ಬಿದ್ದುಹೋಯಿತು. ಆದರೆ ಬೈಬಲನ್ನು ಸಾಹಿತ್ಯವಾಗಿ, ಧರ್ಮಗಳನ್ನು ಇತಿಹಾಸವಾಗಿ ಅಭ್ಯಸಿಸಲು ಅಡ್ಡಿಯಿಲ್ಲವೆಂದು ಆ ತೀರ್ಪೇ ಸ್ಪಷ್ಟಪಡಿಸಿತು.

ಹಾಗಾದರೆ ವಿದ್ಯಾರ್ಥಿಯು ತನ್ನ ಶ್ರದ್ಧೆಯನ್ನು ಮನೆಯಲ್ಲಿಯೇ ಬಿಟ್ಟು ಬರಬೇಕೆ? ಇಲ್ಲ. 1984ರಲ್ಲಿ ಅಮೆರಿಕದ ಸಂಸತ್ತು ಕಾಯಿದೆಯೊಂದನ್ನು ಮಾಡಿತು: ಪಠ್ಯೇತರ ವಿದ್ಯಾರ್ಥಿ ಸಂಘಗಳಿಗೆ ಸ್ಥಳ ಕೊಡುವ ಸಾರ್ವಜನಿಕ ಪ್ರೌಢಶಾಲೆಯು, ಸಂಘ ಧಾರ್ಮಿಕವೆಂಬ ಕಾರಣದಿಂದ ಅದಕ್ಕೆ ಸ್ಥಳ ನಿರಾಕರಿಸಕೂಡದು. 1990ರಲ್ಲಿ ನೆಬ್ರಾಸ್ಕದ ಒಮಾಹಾ ನಗರದ ಶಾಲೆಯೊಂದರಲ್ಲಿ ಕ್ರೈಸ್ತ ವಿದ್ಯಾರ್ಥಿ ಸಂಘಕ್ಕೆ ಈ ಕಾಯಿದೆಯ ಮೇರೆಗೆ ನ್ಯಾಯ ದೊರೆಯಿತು. ಆದುದರಿಂದ ವಿದ್ಯಾರ್ಥಿಯು ತಾನಾಗಿ ಪ್ರಾರ್ಥಿಸಬಹುದು, ಗೆಳೆಯರೊಡನೆ ತನ್ನ ಧರ್ಮವನ್ನು ಕುರಿತು ಮಾತನಾಡಬಹುದು. ಅಧ್ಯಾಪಕನ ವಿಷಯ ಮಾತ್ರ ತೊಡಕಿನದು. ಪಂದ್ಯ ಮುಗಿದ ಮೇಲೆ ಮೈದಾನದ ನಡುವೆ ಪ್ರಾರ್ಥಿಸುತ್ತಿದ್ದ ಫುಟ್‌ಬಾಲ್ ತರಬೇತುದಾರನ ಪರವಾಗಿ 2022ರಲ್ಲಿ ಆರು ನ್ಯಾಯಮೂರ್ತಿಗಳು ತೀರ್ಪಿತ್ತರು. ತಂಡದಲ್ಲಿ ಸ್ಥಾನ ಬಯಸುವ ಹುಡುಗರ ಮೇಲೆ ಅದರಿಂದ ಒತ್ತಡ ಬೀಳುವುದೆಂದು ಮೂವರು ಭಿನ್ನಾಭಿಪ್ರಾಯ ಸೂಚಿಸಿದರು. ಆ ಚರ್ಚೆ ಇನ್ನೂ ಮುಗಿದಿಲ್ಲ.

ಈ ಇತಿಹಾಸ ನಮಗೆ ದೂರದ್ದಲ್ಲ. ರಾಷ್ಟ್ರಗೀತೆಯ ವೇಳೆ ಗೌರವದಿಂದ ಎದ್ದುನಿಂತು, ಹಾಡದೆ ಉಳಿದುದಕ್ಕಾಗಿ 1985ರಲ್ಲಿ ಕೇರಳದ ಮೂವರು ಮಕ್ಕಳನ್ನು ಶಾಲೆಯಿಂದ ಹೊರಹಾಕಲಾಗಿತ್ತು. ಅವರೂ ಯೆಹೋವನ ಸಾಕ್ಷಿಗಳ ಪಂಥದವರೇ. 1986ರ ಆಗಸ್ಟ್ 11ರಂದು ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿಯವರು ಆ ಮಕ್ಕಳ ಪರವಾಗಿ ತೀರ್ಪು ಬರೆಯುವಾಗ, 1943ರ ಅಮೆರಿಕದ ತೀರ್ಪನ್ನೂ ಪರಾಮರ್ಶಿಸಿದರು.

ನಮ್ಮ ಸಂವಿಧಾನದ 28ನೆಯ ಅನುಚ್ಛೇದವು ಈ ವಿವೇಕವನ್ನು ಮೊದಲೇ ಅಳವಡಿಸಿಕೊಂಡಿತ್ತು. ಪೂರ್ಣವಾಗಿ ಸರಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಸಲ್ಲದು. ಸರಕಾರದ ಮಾನ್ಯತೆಯನ್ನೋ ಅನುದಾನವನ್ನೋ ಪಡೆದ ಇತರ ಶಾಲೆಗಳಲ್ಲಿಯೂ ವಿದ್ಯಾರ್ಥಿಯ ಒಪ್ಪಿಗೆಯಿಲ್ಲದೆ, ಅಪ್ರಾಪ್ತವಯಸ್ಕನಾದರೆ ಪೋಷಕರ ಒಪ್ಪಿಗೆಯಿಲ್ಲದೆ, ಬೋಧನೆಗಾಗಲಿ ಪೂಜೆಗಾಗಲಿ ಆತನನ್ನು ಬಲವಂತಪಡಿಸುವಂತಿಲ್ಲ. ಈ ಮಾತು ಕ್ರೈಸ್ತ ಸಂಸ್ಥೆಗಳಿಗೆ ಅನ್ವಯಿಸುವಷ್ಟೇ ಮಠಗಳ ವಿದ್ಯಾಸಂಸ್ಥೆಗಳಿಗೂ ಅನ್ವಯಿಸುತ್ತದೆ.

ತಮ್ಮಲ್ಲಿ ಅನೇಕರು ಅಧ್ಯಾಪಕರಾಗಿದ್ದೀರಿ, ಶಾಲೆಗಳ ಆಡಳಿತವನ್ನು ಹೊತ್ತಿದ್ದೀರಿ. ಬೆಳಗಿನ ಪ್ರಾರ್ಥನೆಯ ವೇಳೆ ಅನ್ಯಧರ್ಮದ ಮಗುವೊಂದು ಬಾಯಿ ತೆರೆಯದೆ ನಿಂತಿದ್ದರೆ ಅದನ್ನು ಗದರಿಸಬೇಡಿರಿ, ಸಹಪಾಠಿಗಳು ಹಳಿಯಲೂ ಬಿಡಬೇಡಿರಿ. ಸಂಖ್ಯೆಯಲ್ಲಿ ನಾವು ಕಡಿಮೆಯಿರುವ ಊರಿನಲ್ಲಿ ನಮ್ಮ ಮಕ್ಕಳಿಗೆ ಎಂಥ ನಡವಳಿಕೆಯನ್ನು ಬಯಸುವೆವೋ ಅದನ್ನೇ ಆ ಮಗುವಿಗೂ ಸಲ್ಲಿಸುವುದು ನ್ಯಾಯ.