ಚಪಡನ ಮೂರು ಪ್ರತಿ

ಹಿರಿಯೂರಿನಲ್ಲಿ ಬೆಳೆದ ನಮಗೆ ಸಿನಿಮಾ ಬರುತ್ತಿದ್ದದ್ದು ಬಸ್ಸಿನಲ್ಲಿ. ತೊಂಬತ್ತರ ದಶಕದ ಮಾತು. ಬೆಂಗಳೂರು ಕಡೆಯಿಂದ ಬರೋ ಬಸ್ಸಿನ ಟಾಪಿನಿಂದ ತಗಡಿನ ಡಬ್ಬಿಗಳು ಇಳಿದರೆ ನಾವು ಹುಡುಗರು ಟಾಕೀಸಿನವರೆಗೂ ಅದರ ಹಿಂದೆ ಮೆರವಣಿಗೆ ಹೋಗ್ತಿದ್ವಿ. ಡಬ್ಬಿ ಬರಲಿಲ್ಲ ಅಂದ್ರೆ ಆವತ್ತು ಸಿನಿಮಾ ಇಲ್ಲ. ಅಷ್ಟೇ.

ಆ ಡಬ್ಬಿಯ ಲೆಕ್ಕ ನೋಡಿ. 35 ಎಂಎಂ ಫಿಲಂ ಸೆಕೆಂಡಿಗೆ 24 ಚಿತ್ರ, ನಿಮಿಷಕ್ಕೆ 90 ಅಡಿ ಓಡುತ್ತೆ. ಎರಡೂವರೆ ಗಂಟೆಯ ಸಿನಿಮಾ ಅಂದ್ರೆ 13,500 ಅಡಿ, ನಾಲ್ಕು ಕಿಲೋಮೀಟರ್‌ಗೂ ಸ್ವಲ್ಪ ಹೆಚ್ಚು. ಒಂದೊಂದು ಪ್ರಿಂಟ್ ಹಾಕಿಸೋಕೂ ಹತ್ತಾರು ಸಾವಿರ ರೂಪಾಯಿ ಬೇಕಿತ್ತು. ಹಾಗಾಗಿ ನಿರ್ಮಾಪಕರು ಕೈಬೆರಳಲ್ಲಿ ಎಣಿಸುವಷ್ಟು ಪ್ರಿಂಟ್ ಹಾಕಿಸೋರು. ಅವು ಮೊದಲು ಬೆಂಗಳೂರು, ಆಮೇಲೆ ದಾವಣಗೆರೆ, ಚಿತ್ರದುರ್ಗ, ಕೊನೆಗೆ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ. ನಮ್ಮ ಸರದಿ ಬರೋ ಹೊತ್ತಿಗೆ ಫಿಲಂ ಮೈತುಂಬ ಗೀರು. ತೆರೆ ಮೇಲೆ ಉದ್ದುದ್ದ ಗೆರೆಗಳು ಸುರೀತಿದ್ವು. ಬರದ ಜಿಲ್ಲೆಯಲ್ಲಿ ಟಾಕೀಸಿನೊಳಗೆ ಮಾತ್ರ ಜೋರು ಮಳೆ!

ಇದನ್ನೆಲ್ಲ ನೆನಪಿಸಿಕೊಳ್ಳೋಕೆ ಕಾರಣ ಇದೆ. ಈಗ ನಾನು ಬೆಂಗಳೂರಲ್ಲಿ ವಿಡಿಯೊಗಳನ್ನ ಕ್ಲೌಡ್‌ಗೆ ಸಾಗಿಸೋ ಕೆಲಸ ಮಾಡ್ತೀನಿ. ಕ್ಲೌಡ್‌ನಿಂದ ಮನರಂಜನಾ ಉದ್ಯಮಕ್ಕೆ ಏನು ಲಾಭ ಅಂತ ಮೀಟಿಂಗಿನಲ್ಲಿ ಕೇಳಿದರೆ ಎಲ್ಲರೂ ವೇಗ, ಉಳಿತಾಯ ಅಂತಾರೆ. ನನಗೆ ಮಾತ್ರ ಆ ಗೀರುಬಿದ್ದ ಪ್ರಿಂಟೇ ಕಣ್ಣ ಮುಂದೆ ಬರುತ್ತೆ. ನಮ್ಮ ಸಿನಿಮಾದ ಇತಿಹಾಸದಲ್ಲಿ ದೊಡ್ಡ ಸಮಸ್ಯೆ ನಿಧಾನ ಆಗಿರಲಿಲ್ಲ, ಪ್ರತಿಗಳು ಸಾಲದೇ ಹೋದದ್ದು.

1934ರ ಮಾರ್ಚ್ 3ರಂದು ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ಬಿಡುಗಡೆಯಾಯ್ತು. ವೈ.ವಿ. ರಾವ್ ನಿರ್ದೇಶನ, ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾವ್, ತ್ರಿಪುರಾಂಬ ನಟರು, ಚಿತ್ರೀಕರಣ ಕೊಲ್ಹಾಪುರದಲ್ಲಿ. ಇಷ್ಟೆಲ್ಲ ಗೊತ್ತು. ಆದರೆ ಆ ಸಿನಿಮಾದ ಒಂದು ಪ್ರತಿಯೂ ಉಳಿದಿಲ್ಲ. ಕನ್ನಡ ಮೊದಲ ಸಲ ತೆರೆ ಮೇಲೆ ಮಾತಾಡಿದ್ದನ್ನ ನಾವು ಯಾರೂ ಕೇಳೋ ಹಾಗಿಲ್ಲ. ಆ ಕಾಲದ ನೈಟ್ರೇಟ್ ಫಿಲಂ ಬೇಗ ಹಾಳಾಗೋದು, ಬೆಂಕಿ ತಾಕಿದರೆ ಭಗ್ಗನೆ ಉರಿಯೋದು. 2003ರ ಜನವರಿಯಲ್ಲಿ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲೇ ಬೆಂಕಿ ಬಿದ್ದು ಹಳೆಯ ನೈಟ್ರೇಟ್ ಫಿಲಂಗಳು ಸುಟ್ಟುಹೋದವು.

ಇದಕ್ಕೆ ಎದುರಾಗಿ ನಮ್ಮ ದುರ್ಗದ್ದೇ ಒಂದು ಕಥೆ ಇದೆ. ತ.ರಾ.ಸು. ಕಾದಂಬರಿಗಳನ್ನ ಹಿಡಿದು ಪುಟ್ಟಣ್ಣ ಕಣಗಾಲ್ ಕೋಟೆಯಲ್ಲಿ ತೆಗೆದ ‘ನಾಗರಹಾವು’ 1972ರ ಡಿಸೆಂಬರ್ ಕೊನೆಗೆ ತೆರೆ ಕಂಡಿತು. ಒನಕೆ ಓಬವ್ವನಾಗಿ ಜಯಂತಿ ನಿಂತ ಆ ಬಂಡೆಗಳನ್ನ ತೋರಿಸೋಕೆ ಅಂತಲೇ ಊರಿಗೆ ಬಂದ ನೆಂಟರನ್ನ ಕೋಟೆ ಹತ್ತಿಸ್ತಿದ್ರು ನಮ್ಮಪ್ಪ. ಆ ಸಿನಿಮಾ ಉಳಿದುಕೊಂಡಿತ್ತು. ಅದಕ್ಕೇ ಡಿಜಿಟಲ್ ಆಗಿ ಬಣ್ಣ ತಿದ್ದಿ, ಧ್ವನಿ ಹೊಸದು ಮಾಡಿ 2018ರ ಜುಲೈನಲ್ಲಿ ಮತ್ತೆ ಬಿಡುಗಡೆ ಮಾಡೋಕಾಯ್ತು. ವಿಷ್ಣುವರ್ಧನ್ ತೀರಿಕೊಂಡು ಎಂಟು ವರ್ಷ ದಾಟಿತ್ತು. ರಾಮಾಚಾರಿ ಮಾತ್ರ ಇಪ್ಪತ್ತೆರಡರ ಹುಡುಗನ ಹಾಗೇ ಕೋಟೆ ತುಂಬ ಓಡಾಡ್ತಿದ್ದ.

ಒಂದಕ್ಕಿಂತ ಹೆಚ್ಚು ಪ್ರತಿ ಇಡಬೇಕು ಅನ್ನೋದು ನಮ್ಮ ಜಿಲ್ಲೆಗೆ ಹೊಸ ವಿಷಯವೇನಲ್ಲ. ಕ್ರಿಸ್ತಪೂರ್ವ ಮೂರನೇ ಶತಮಾನದಲ್ಲಿ ಅಶೋಕ ಮೊಳಕಾಲ್ಮೂರು ಸೀಮೆಯಲ್ಲಿ ಹೆಚ್ಚುಕಡಿಮೆ ಒಂದೇ ಮಾತನ್ನ ಮೂರು ಕಡೆ ಬಂಡೆಗೆ ಕೊರೆಸಿದ: ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ. ಒಂದರಿಂದ ಇನ್ನೊಂದಕ್ಕೆ ಕೆಲವೇ ಕಿಲೋಮೀಟರ್. 1892ರಲ್ಲಿ ಬಿ.ಎಲ್. ರೈಸ್ ಇವನ್ನ ಪತ್ತೆ ಹಚ್ಚಿದ್ರು. ಜಟಿಂಗ ರಾಮೇಶ್ವರದ್ದು ತೀರಾ ಸವೆದುಹೋಗಿದೆ. ಆದರೆ ಮಾತು ಹೋಗಲಿಲ್ಲ, ಯಾಕಂದ್ರೆ ಬ್ರಹ್ಮಗಿರಿಯಲ್ಲಿ ಇನ್ನೊಂದು ಪ್ರತಿ ಇತ್ತು. ಅದರ ಕೊನೆಗೆ ಲಿಪಿಕಾರ ಚಪಡ ತನ್ನ ಹೆಸರನ್ನೂ ಹಾಕಿದ್ದಾನೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಬ್ಯಾಕಪ್ಪೂ ಇದೆ, ಅಪ್‌ಲೋಡ್ ಮಾಡಿದವನ ಹೆಸರೂ ಇದೆ.

ಕ್ಲೌಡ್ ಮಾಡೋದೂ ಇದನ್ನೇ. 2006ರ ಮಾರ್ಚ್‌ನಲ್ಲಿ ಅಮೆಜಾನ್ ಎಸ್3 ಅಂತ ಒಂದು ಸೇವೆ ಶುರು ಮಾಡಿತು. ಅದರ ಸಾಮಾನ್ಯ ದರ್ಜೆಯಲ್ಲಿ ನೀವು ಕಳಿಸಿದ ಫೈಲನ್ನ ಒಂದಕ್ಕೊಂದು ದೂರದಲ್ಲಿರೋ ಕನಿಷ್ಠ ಮೂರು ಜಾಗಗಳಲ್ಲಿ ಕಾಪಾಡ್ತಾರೆ. ಒಂದು ಕಟ್ಟಡಕ್ಕೆ ಬೆಂಕಿ ಬಿದ್ದರೂ ಉಳಿದವು ಇರುತ್ತವೆ. 2008ರ ಆಗಸ್ಟ್‌ನಲ್ಲಿ ನೆಟ್‌ಫ್ಲಿಕ್ಸ್‌ನ ಡೇಟಾಬೇಸ್ ಕೆಟ್ಟು ಮೂರು ದಿನ ಗಿರಾಕಿಗಳಿಗೆ ಡಿವಿಡಿ ಕಳಿಸೋಕಾಗಲಿಲ್ಲ. ಎಲ್ಲವೂ ಸ್ವಂತ ಯಂತ್ರದಲ್ಲೇ ಇರಲಿ ಅನ್ನೋ ಹಟವನ್ನ ಅವರು ಬಿಟ್ಟದ್ದು ಆವಾಗ. ಪೂರ್ತಿ ಕ್ಲೌಡ್‌ಗೆ ಹೋಗೋಕೆ 2016ರ ಜನವರಿವರೆಗೆ ಸಮಯ ಹಿಡೀತು. ಅವರು ಭಾರತಕ್ಕೆ ಕಾಲಿಟ್ಟದ್ದೂ ಅದೇ ತಿಂಗಳು.

ಇನ್ನೊಂದು ಲಾಭ ನಮ್ಮ ಜಾತ್ರೆ ನೋಡಿದವರಿಗೆ ಬೇಗ ಅರ್ಥ ಆಗುತ್ತೆ. ಹಿರಿಯೂರಿನ ತೇರುಮಲ್ಲೇಶ್ವರನ ತೇರಿಗೆ ಜನ ಸೇರ್ತಾರೆ ಅಂತ ಯಾರೂ ವರ್ಷಪೂರ್ತಿ ಶಾಮಿಯಾನ ಕೊಂಡು ಇಟ್ಟುಕೊಳ್ಳಲ್ಲ. ಬಾಡಿಗೆಗೆ ತರ್ತಾರೆ, ಮುಗಿದ ಮೇಲೆ ವಾಪಸ್ ಕೊಡ್ತಾರೆ. 2019ರ ಜುಲೈನ ಭಾರತ-ನ್ಯೂಜಿಲೆಂಡ್ ಸೆಮಿಫೈನಲ್ ದಿನ ಹಾಟ್‌ಸ್ಟಾರ್‌ನಲ್ಲಿ ಏಕಕಾಲಕ್ಕೆ ಎರಡೂವರೆ ಕೋಟಿ ಜನ ಕೂತಿದ್ರು. ಧೋನಿ ರನೌಟ್ ಆದ ಮೇಲೆ ಆ ಜಾತ್ರೆ ನೋಡನೋಡ್ತಾ ಕರಗಿಹೋಯ್ತು. 2023ರ ವಿಶ್ವಕಪ್ ಫೈನಲ್‌ಗೆ ಸಂಖ್ಯೆ 5.9 ಕೋಟಿ ಮುಟ್ಟಿತು. ಒಂದು ದಿನದ ಜನಕ್ಕೆ ಸ್ವಂತ ಯಂತ್ರ ಕೊಂಡರೆ ಉಳಿದ ದಿನವೆಲ್ಲ ಅವು ಧೂಳು ತಿನ್ನುತ್ತವೆ.

ಚಿಕ್ಕವರಿಗೂ ಇದು ದಾರಿ ಮಾಡಿಕೊಟ್ಟಿದೆ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಶಿವಸಂಚಾರ ತಂಡ 1997ರಿಂದ ನಾಟಕಗಳನ್ನ ಊರೂರಿಗೆ ಒಯ್ಯುತ್ತಾ ಇದೆ. ನಾಟಕ ಅಂದ್ರೆ ಆವತ್ತು ಇದ್ದು ಆವತ್ತೇ ಮುಗಿಯೋದು. ಅಂಥ ಪ್ರದರ್ಶನವನ್ನ ದೂರದೂರಿನವರಿಗೆ ತೋರಿಸಬೇಕಾದ್ರೆ ಮೊದಲು ಟಿ.ವಿ. ಕೇಂದ್ರವೇ ಮನಸ್ಸು ಮಾಡಬೇಕಿತ್ತು. ಈಗ ಒಂದು ಕ್ಯಾಮೆರಾ, ಒಂದು ಇಂಟರ್ನೆಟ್ ಲೈನ್ ಇದ್ದರೆ ಯಾವ ಹಳ್ಳಿಯ ತಂಡವೂ ಆ ಕೆಲಸ ಮಾಡಬಹುದು.

ಇಲ್ಲಿಗೆ ಮುಗಿಸಿದ್ರೆ ಇದು ನಮ್ಮ ಕಂಪನಿಯ ಜಾಹೀರಾತು ಆಗಿಬಿಡುತ್ತೆ. ಹೊಸದುರ್ಗದಲ್ಲಿರೋ ಚಿಕ್ಕಪ್ಪನ ವಿಷಯಕ್ಕೆ ಬರ್ತೀನಿ. ಮದುವೆ ವಿಡಿಯೊ ತೆಗೀತಿದ್ದ ಅವರು 1994ರಲ್ಲಿ ನಮ್ಮತ್ತೆ ಮದುವೇಲಿ ಅಜ್ಜಿ ಸೋಬಾನೆ ಹಾಡಿದ್ದನ್ನ ವಿಎಚ್‌ಎಸ್ ಕ್ಯಾಸೆಟ್ಟಲ್ಲಿ ಹಿಡಿದಿದ್ರು. ಅಜ್ಜಿ ಹೋಗಿ ಹದಿನೈದು ವರ್ಷ. ಹೋದ ವರ್ಷ ಆ ಕ್ಯಾಸೆಟ್ ಹುಡುಕಿ ತೆಗೆದರೆ ಟೇಪಿನ ತುಂಬ ಬಿಳಿ ಬೂಸ್ಟು. ಬೆಂಗಳೂರಲ್ಲಿ ಒಬ್ಬರು ನಾಜೂಕಾಗಿ ಒರೆಸಿ ಓಡಿಸಿದರು. ಮೂರು ಗಂಟೆಯ ಟೇಪಿನಲ್ಲಿ ಸಿಕ್ಕಿದ್ದು ನಾಲ್ಕು ನಿಮಿಷ. ಅದರಲ್ಲೂ ಅಜ್ಜಿ ಮುಖ ಕಾಣಲ್ಲ, ದನಿ ಮಾತ್ರ. ಹಾಡು ಎರಡನೇ ನುಡಿಗೆ ತುಂಡಾಗುತ್ತೆ. ಮುಂದಿನ ನುಡಿ ಮನೇಲಿ ಯಾರಿಗೂ ಬರಲ್ಲ.

ಆ ನಾಲ್ಕು ನಿಮಿಷ ಈಗ ಕ್ಲೌಡ್‌ನಲ್ಲಿದೆ. ಆದರೆ ಅಶೋಕ ಬಂಡೆಗೆ ಒಂದೇ ಸಲ ಕೂಲಿ ಕೊಟ್ಟ. ನಾನು ತಿಂಗಳು ತಿಂಗಳು ಬಾಡಿಗೆ ಕಟ್ಟಬೇಕು. ಕಾರ್ಡಿನ ಅವಧಿ ಮುಗಿದು, ಎಚ್ಚರಿಕೆಯ ಮೇಲ್ ಸ್ಪ್ಯಾಮಿಗೆ ಹೋದರೆ ಒಂದು ದಿನ ಮೂರೂ ಪ್ರತಿ ಒಟ್ಟಿಗೇ ಅಳಿಸಿಹೋಗಬಹುದು. ಬೆಂಕಿಯಿಂದ ಉಳಿಸೋ ಕ್ಲೌಡ್ ನನ್ನ ಮರೆವಿನಿಂದ ಉಳಿಸಲ್ಲ. ಹಾಗಾಗಿ ಒಂದು ಪ್ರತಿ ಹಾರ್ಡ್‌ಡಿಸ್ಕಲ್ಲಿ ನನ್ನ ಹತ್ತಿರ, ಇನ್ನೊಂದು ಅತ್ತೆ ಮನೇಲಿ ಹೊಳಲ್ಕೆರೆಯಲ್ಲಿ. ಸಿನಿಮಾ ಮಾಡೋ ಗೆಳೆಯರಿಗೂ ಇದನ್ನೇ ಹೇಳ್ತೀನಿ: ಕ್ಲೌಡ್‌ಗೆ ಹಾಕಿ, ಆದರೆ ಅದೊಂದನ್ನೇ ನಂಬಬೇಡಿ, ಬಾಡಿಗೆ ಕಟ್ಟೋರು ಯಾರು ಅಂತ ಬರೆದಿಡಿ.

ಚಿಕ್ಕಪ್ಪನ ಅಟ್ಟದ ಮೇಲೆ ಇನ್ನೂ ನಲವತ್ತು ಕ್ಯಾಸೆಟ್ ಇವೆಯಂತೆ. ಬೇರೆಯವರ ಮದುವೆ, ಬೇರೆಯವರ ಅಜ್ಜಿಯರು. ಎಲ್ಲದಕ್ಕೂ ಒಂದೊಂದೇ ಪ್ರತಿ. ಮೊನ್ನೆ ಫೋನ್ ಮಾಡಿ, ‘ಚೀಲಕ್ಕೆ ತುಂಬಿ ಬೆಂಗಳೂರು ಬಸ್ಸಿಗೆ ಹಾಕ್ತೀನಿ, ಇಳಿಸ್ಕೊ’ ಅಂದ್ರು. ಬೇಡ, ನಾನೇ ಬರ್ತೀನಿ ಅಂದಿದ್ದೀನಿ.