ವಾಯಿದೆಯ ದಿನ
ಷೇರನ್ನು ಕೊಳ್ಳದೆಯೇ ಅದರ ಬೆಲೆಯ ವ್ಯತ್ಯಾಸಕ್ಕೆ ಹಣ ಹೂಡುವ, ಹಲವು ದೇಶಗಳಲ್ಲಿ ಇಂದು ‘ಸಿ.ಎಫ್.ಡಿ.’ ಎನಿಸಿಕೊಂಡಿರುವ ವ್ಯವಹಾರದ ಮೂಲಭಾವ ಹೊಸತಲ್ಲ. ಅಮೆರಿಕದ ಅಂತರ್ಯುದ್ಧದಿಂದ ಹತ್ತಿಯ ಬೆಲೆಯೇರಿ ಮುಂಬಯಿಗೆ ಹಣ ಹರಿದುಬಂದಾಗ, ವರ್ತಕರು ಬ್ಯಾಕ್ ಬೇ ಮೊದಲಾದ ಕಂಪನಿಗಳ ಷೇರುಗಳಿಗೆ 1865ರ ಜುಲೈ 1ರ ವಾಯಿದೆಯ ಕರಾರು ಮಾಡಿಕೊಂಡರು. ಅನೇಕರಿಗೆ ಬೇಕಾದುದು ಷೇರಲ್ಲ, ಅಂದಿನ ವ್ಯತ್ಯಾಸ ಮಾತ್ರ! ಅಷ್ಟರಲ್ಲಿ ಯುದ್ಧ ಮುಗಿಯಿತು, ಹತ್ತಿಯ ಬೆಲೆ ಕುಸಿಯಿತು. ವಾಯಿದೆಯ ದಿನ ತೀರಿಸಬಲ್ಲವರೇ ವಿರಳರಾದರು. ಆ ಸಟ್ಟಾದ ಅಗ್ರಗಣ್ಯರೂ ಜೈನ ಶ್ರಾವಕರೂ ಆಗಿದ್ದ ಪ್ರೇಮಚಂದ ರಾಯಚಂದರ ಸಂಪತ್ತೂ ಕರಗಿತು. ಷೇರುಗಳ ಆಧಾರದ ಮೇಲೆ ಧಾರಾಳವಾಗಿ ಸಾಲವಿತ್ತಿದ್ದ ಬಾಂಬೆ ಬ್ಯಾಂಕು 1868ರಲ್ಲಿ ಮುಚ್ಚಿತು. ನಮಗೆ ಇದೇ ಹೆಚ್ಚು ಗಂಭೀರವೆನಿಸುತ್ತದೆ: ಅದರ ಪಾಲುದಾರರೆಲ್ಲರೂ ಸಟ್ಟಾ ಆಡಿದವರಲ್ಲ. ಕುಸಿತಕ್ಕೆ ಮುನ್ನ, 1864ರಲ್ಲಿ, ಪ್ರೇಮಚಂದರು ವಿಶ್ವವಿದ್ಯಾಲಯಕ್ಕಿತ್ತ ದಾನದಿಂದ ಅವರ ತಾಯಿ ರಾಜಾಬಾಯಿಯವರ ಹೆಸರಿನ ಗಡಿಯಾರ ಗೋಪುರ 1878ರಲ್ಲಿ ಪೂರ್ಣಗೊಂಡಿತು.